ಮಿಕ್ಕಿದ ಬ್ರೇಕ್ ಆಯಿಲ್ ಎಲ್ಲಿಡೋದು?

ಮಿಕ್ಕಿದ್ದನ್ನ ಚೆಲ್ಲೋಕೆ ನಮ್ಮ ಕಡೆ ಹೆಂಗಸರಿಗೆ ಕೈ ಬರಲ್ಲ. ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗುತ್ತೆ, ಹುಳಿ ಬಂದ ದೋಸೆ ಹಿಟ್ಟು ಪಡ್ಡು ಆಗುತ್ತೆ, ಹಳೇ ಹತ್ತಿ ಸೀರೆ ಬಾಣಂತಿ ಮನೆಗೆ ಹೋಗುತ್ತೆ. ಗಂಡಸರೇನು ಕಮ್ಮಿಯಾ? ಅವರದ್ದು ಬೇರೆ ಥರ. ಬಣ್ಣ ಹೊಡೆಸಿ ಮಿಕ್ಕ ಪೇಂಟು, ತುಕ್ಕು ಹಿಡಿದ ಮೊಳೆ, ಎಲ್ಲಿಂದ ಬಿಚ್ಚಿದ್ದು ಅಂತ ಯಾರಿಗೂ ನೆನಪಿಲ್ಲದ ನಟ್ಟು ಬೋಲ್ಟು, ಆಮೇಲೆ ಎಣ್ಣೆ ಬಾಟ್ಲಿಗಳು. ಅಡುಗೆಮನೆ ಮಿಕ್ಕಿದ್ದಕ್ಕೆ ನಾವು ಮೂಸಿ ನೋಡಿ ತೀರ್ಮಾನ ಮಾಡ್ತೀವಿ. ಈ ಎಣ್ಣೆ ಬಾಟ್ಲಿಗಳಿಗೆ ಅಂಥ ಲೆಕ್ಕ ಯಾವ ಮನೇಲೂ ಇಲ್ಲ. ಹತ್ತು ವರ್ಷ ಆದ್ರೂ ಅಟ್ಟದ ಮೇಲೇ ಕೂತಿರ್ತವೆ.

ಅದರಲ್ಲಿ ಬ್ರೇಕ್ ಆಯಿಲ್ ಒಂದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಕಾರಿಂದು, ಸ್ಕೂಟರಿಂದು ಅಷ್ಟೇ ಅಲ್ಲ, ವಿಮಾನದ್ದೂ. ನಗಬೇಡಿ. ಪುಟಾಣಿ ವಿಮಾನಕ್ಕೆ ಹಾಕಿ ಮಿಕ್ಕಿದ ಬ್ರೇಕ್ ಎಣ್ಣೆ ಭದ್ರಾವತಿಯ ನನ್ನ ತವರುಮನೆ ಅಟ್ಟದ ಮೇಲೆ ಒಂದೂವರೆ ವರ್ಷ ಕೂತಿತ್ತು.

ಅದು ಅಲ್ಲಿಗೆ ಬಂದಿದ್ದು ನನ್ನ ಅಣ್ಣನ ಮಗನ ದೆಸೆಯಿಂದ. ಹುಡುಗ ವಿಮಾನ ರಿಪೇರಿ ಓದಿದಾನೆ. ಬೆಂಗಳೂರಲ್ಲಿ ಪೈಲಟ್ ತರಬೇತಿ ಕೊಡೋ ಒಂದು ಕಡೆ ಕೆಲಸ ಕಲೀತಾ, ಲೈಸೆನ್ಸ್ ಪರೀಕ್ಷೆ ಬರೀತಾ ಇದಾನೆ. ಅಲ್ಲಿರೋದೆಲ್ಲ ಇಬ್ಬರು, ನಾಲ್ಕು ಜನ ಕೂರೋ ಸೆಸ್ನಾ ವಿಮಾನಗಳು. ತಾರೀಖು ಮುಗೀತು ಅಂತ ಲೆಕ್ಕದಿಂದ ತೆಗೆದ ಒಂದು ಡಬ್ಬಿ ಎಣ್ಣೇನ ಕಲಿಯೋ ಹುಡುಗರಿಗೆ ಕೈಪಳಗಿಸ್ಕೊಳ್ಳಿ ಅಂತ ಕೊಟ್ಟಿದ್ರಂತೆ. ಆ ಕೆಲಸ ಮುಗಿದ ಮೇಲೂ ಅರ್ಧಕ್ಕಿಂತ ಜಾಸ್ತಿ ಮಿಕ್ಕಿತ್ತು. ಯಾವುದೋ ಹಬ್ಬಕ್ಕೆ ಊರಿಗೆ ಬರುವಾಗ, ಮನೆಯ ಗೇಟಿನ ತಿರುಗಣೆಗೆ ಬಿಡಬಹುದು ಅಂತ ಬ್ಯಾಗಲ್ಲಿ ಹಾಕ್ಕೊಂಡು ಬಂದಿದ್ದ. ಒಂದು ಲೀಟರ್ ಹಿಡಿಯೋ ಅಂಥ ತಗಡಿನ ಡಬ್ಬಿ. ಒಳಗೆ ಎಣ್ಣೆ ದಾಸವಾಳದ ನೀರಿನ ಹಾಗೆ ಕೆಂಪಗೆ, ತೆಳ್ಳಗೆ.

ಭದ್ರಾವತಿ ಮನೆಗಳಿಗೆ ಇಂಥ ಡಬ್ಬಿ ಹೊಸದಲ್ಲ ಬಿಡಿ. 1918ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುವಾಗಿ, ವಿಶ್ವೇಶ್ವರಯ್ಯನವರ ಮೇಲ್ವಿಚಾರಣೇಲಿ 1923ಕ್ಕೆ ಕಬ್ಬಿಣ ಹರಿಯೋಕೆ ಶುರುವಾದ ಊರು ಅದು. ಹಿಂದೆ ಬೆಂಕಿಪುರ ಅಂತ ಹೆಸರಿತ್ತು, ಆಮೇಲೆ ಭದ್ರಾವತಿ ಆಯ್ತು. ನಮ್ಮಪ್ಪ ವಿಐಎಸ್ಎಲ್‌ನಲ್ಲಿ ಫಿಟ್ಟರ್ ಆಗಿದ್ರು. ಗ್ರೀಸ್ ಹತ್ತಿದ ಬಟ್ಟೆ ಚೂರು, ಎಣ್ಣೆ ಡಬ್ಬಿ ಅಂದ್ರೆ ನಮಗೆ ಮನೆಯ ಅರಿಶಿನ ಕುಂಕುಮದಷ್ಟೇ ಬಳಕೆ. ಆದ್ರೆ ಅಪ್ಪನದ್ದು ಒಂದು ಕ್ರಮ ಇತ್ತು. ಪ್ರತಿ ಡಬ್ಬಿಗೂ ಕಾಗದ ಅಂಟಿಸಿ ಪೆನ್ಸಿಲ್‌ನಲ್ಲಿ ಬರೆದಿಡೋರು, ಹೊಲಿಗೆ ಮಿಷನ್ನಿಗೆ, ಸೈಕಲ್ ಚೈನಿಗೆ, ಬಾವಿ ರಾಟೆಗೆ ಅಂತ. ಅವರು ಹೋದ್ಮೇಲೆ ಆ ಅಕ್ಷರ ಅಳಿಸಿಹೋಯ್ತು, ಡಬ್ಬಿಗಳು ಮಾತ್ರ ಉಳ್ಕೊಂಡ್ವು.

ಈಗ ಅಣ್ಣನ ಕಥೆ. ಅಣ್ಣನ ಸ್ಕೂಟರಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹ್ಯಾಂಡಲ್ ಹತ್ರ ಒಂದು ಪುಟ್ಟ ಡಬ್ಬಿ ಇರುತ್ತೆ, ಅದಕ್ಕೆ ಗಾಜಿನ ಕಿಂಡಿ, ಎಣ್ಣೆ ಎಷ್ಟಿದೆ ಅಂತ ಕಾಣುತ್ತೆ. ಹೋದ ವರ್ಷ ಆಯುಧಪೂಜೆ ಹಿಂದಿನ ದಿನ ಸ್ಕೂಟರ್ ತೊಳೀವಾಗ ಅದು ಕಮ್ಮಿ ಆಗಿದ್ದು ಕಂಡಿದೆ. ಅಟ್ಟದ ಮೇಲೆ ಮಗ ತಂದಿಟ್ಟ ಡಬ್ಬಿ ಇದೆಯಲ್ಲ! ಅದರ ಮೇಲೂ ಬ್ರೇಕಿಗೆ ಅನ್ನೋ ಅರ್ಥದ ಬರಹ ಇದೆ. ‘ವಿಮಾನಕ್ಕೇ ಹಾಕ್ತಾರೆ ಅಂದ್ಮೇಲೆ ನನ್ನ ಸ್ಕೂಟರಿಗೆ ಏನು ಕಮ್ಮಿ’ ಅಂತ ಸಿರಿಂಜಲ್ಲಿ ಎಳೆದು ಹಾಕಿದ್ದಾನೆ. ಅತ್ತಿಗೆ ಹೇಳೋ ಪ್ರಕಾರ ಆವತ್ತು ಪೂಜೆ ಮಾಡುವಾಗ ಸ್ಕೂಟರಿಗೆ ಒಂದು ಕುಂಬಳಕಾಯಿ ಜಾಸ್ತಿ ಒಡೆದ್ನಂತೆ, ವಿಮಾನದ ಎಣ್ಣೆ ಕುಡಿದ ಗಾಡಿ ಅಂತ.

ಮೊದಲು ಕೆಲವು ದಿನ ಏನೂ ಆಗ್ಲಿಲ್ಲ. ಆಮೇಲೆ ಬ್ರೇಕ್ ಹಿಡಿದ್ರೆ ಬಿಡೋದು ನಿಧಾನ ಆಯ್ತು. ಕಾರ್ತೀಕದಲ್ಲಿ ಒಂದಿನ ಬೆಳಿಗ್ಗೆ ಮೊಮ್ಮಗಳನ್ನ ಹಿಂದೆ ಕೂರಿಸ್ಕೊಂಡು ಶಾಲೆಗೆ ಹೋಗ್ತಿರುವಾಗ ಮುಂದಿನ ಚಕ್ರ ತನ್ನಷ್ಟಕ್ಕೆ ತಾನೇ ಕಚ್ಚಿಕೊಳ್ಳೋಕೆ ಶುರು ಮಾಡಿದೆ. ಪುಣ್ಯಕ್ಕೆ ವೇಗ ಇರಲಿಲ್ಲ, ಬಲಗಡೆ ಬಸ್ಸೂ ಇರಲಿಲ್ಲ. ಗಾಡಿ ತಳ್ಕೊಂಡು ಗ್ಯಾರೇಜಿಗೆ ಹೋದಾಗ ಡಿಸ್ಕ್ ಮುಟ್ಟೋಕಾಗದಷ್ಟು ಕಾದಿತ್ತಂತೆ. ಮೆಕ್ಯಾನಿಕ್ ಬಿಚ್ಚಿ ನೋಡಿದ್ರೆ ಒಳಗಿನ ರಬ್ಬರ್ ವಾಷರ್‌ಗಳೆಲ್ಲ ರಾತ್ರಿ ನೆನೆಸಿಟ್ಟ ಕಡ್ಲೆಕಾಳಿನ ಹಾಗೆ ಊದಿಕೊಂಡಿದ್ವು. ‘ಇದಕ್ಕೆ ಎಂಥ ಹಾಕಿದ್ರಿ ಸಾರ್’ ಅಂತ ಕೇಳಿದ್ನಂತೆ. ಅಣ್ಣ ವಿಮಾನದ ಎಣ್ಣೆ ಅನ್ನೋಕೆ ನಾಚಿಕೊಂಡು ಸುಮ್ಮನಾಗಿದಾನೆ. ರಬ್ಬರೆಲ್ಲ ಬದಲಾಯಿಸಿ, ಪೈಪು ತೊಳೆದು ಹೊಸ ಎಣ್ಣೆ ತುಂಬಿಸೋ ಹೊತ್ತಿಗೆ ಹಬ್ಬದ ಸೀರೆ ದುಡ್ಡು ಹೋಯ್ತು ಅಂತ ಅತ್ತಿಗೆ ಇವತ್ತಿಗೂ ಅಂತಾಳೆ.

ದುಡ್ಡು ಹೋಗ್ಲಿ. ಆ ಪುಟ್ಟಿ ಹಿಂದೆ ಕೂತಿದ್ಲಲ್ಲ, ನನಗೆ ಅದೇ ತಲೇಲಿ ಕೂತುಬಿಡ್ತು. ಮುಂದಿನ ಸಲ ಹುಡುಗ ಬಂದಾಗ ಶಿವಮೊಗ್ಗದ ನಮ್ಮನೆಗೆ ಊಟಕ್ಕೆ ಕರೆದು, ಕೈತೊಳೆದ ಮೇಲೆ ಬಿಡದೆ ಕೂರಿಸ್ಕೊಂಡು ಎಲ್ಲ ಕೇಳಿದೆ. ‘ಅತ್ತೆ, ನೀವು ಡಿಜಿಸಿಎ ಪರೀಕ್ಷೇಲಿ ಕೇಳೋದಕ್ಕಿಂತ ಜಾಸ್ತಿ ಕೇಳ್ತೀರ’ ಅಂದ. ಕೇಳ್ಳಿ ಬಿಡು, ನಿಮ್ಮಪ್ಪನ ಹಾಗೆ ಇನ್ನೊಬ್ಬರು ಸಿರಿಂಜ್ ಹಿಡಿಯೋದು ಬೇಡ ಅಂದೆ.

ಬ್ರೇಕ್ ಕೆಲಸ ಮಾಡೋದು ಹೇಗೆ ಅನ್ನೋದು ಚಕ್ಕುಲಿ ಒರಳು ಒತ್ತಿದವರಿಗೆ ಹೇಳಿಕೊಡಬೇಕಾಗಿಲ್ಲ. ಒರಳಿಗೆ ಹಿಟ್ಟು ಗಟ್ಟಿಯಾಗಿ ತುಂಬಿದ್ರೆ ಮೇಲೆ ಒತ್ತಿದಷ್ಟೂ ಕೆಳಗೆ ಎಳೆ ಬರುತ್ತೆ. ಮಧ್ಯ ಗಾಳಿ ಸೇರಿಕೊಂಡಿದ್ರೆ? ಒತ್ತಿದ್ದೆಲ್ಲ ಗಾಳಿಗೆ ಹೋಗುತ್ತೆ, ಎಳೆ ಬರಲ್ಲ, ಆಮೇಲೆ ಪುಸಕ್ ಅಂತ ಚಿಮ್ಮುತ್ತೆ. ಬ್ರೇಕೂ ಹಾಗೇ. ಕಾಲಲ್ಲೋ ಕೈಯಲ್ಲೋ ಒತ್ತಿದ ಬಲಾನ ಪೈಪಿನೊಳಗಿನ ಎಣ್ಣೆ ಚಕ್ರದ ತನಕ ಒಯ್ಯುತ್ತೆ. ಎಣ್ಣೆ ಕುಗ್ಗಲ್ಲ, ಅದಕ್ಕೇ ಬಲ ಪೂರ್ತಿ ಹೋಗುತ್ತೆ. ಒಳಗೆ ಗಾಳಿ ಅಥವಾ ಹಬೆ ಸೇರಿದ್ರೆ ಅದು ಕುಗ್ಗುತ್ತೆ. ಪೆಡಲ್ ನೆಲ ಮುಟ್ಟಿದ್ರೂ ಗಾಡಿ ನಿಲ್ಲಲ್ಲ.

ಸಣ್ಣ ವಿಮಾನದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎಡ ಚಕ್ರಕ್ಕೆ ಬೇರೆ ಬ್ರೇಕು, ಬಲ ಚಕ್ರಕ್ಕೆ ಬೇರೆ. ಪೈಲಟ್ ಕಾಲ ಕೆಳಗೆ ಎರಡು ಪೆಡಲ್, ಅದರ ಮೇಲ್ತುದಿಯನ್ನ ಕಾಲ್ಬೆರಳಿನ ಕಡೆಯಿಂದ ಒತ್ತಿದ್ರೆ ಆಯಾ ಕಡೆ ಬ್ರೇಕ್ ಹಿಡಿಯುತ್ತೆ. ಒಂದು ಕಡೆದು ಹಿಡಿದು ಇನ್ನೊಂದು ಕಡೆದು ಕೈಕೊಟ್ರೆ ವಿಮಾನ ಎತ್ತಿನಗಾಡಿ ಒಂದೇ ಎತ್ತಲ್ಲಿ ಎಳೆದ ಹಾಗೆ ಪಕ್ಕಕ್ಕೆ ತಿರುಗಿಬಿಡುತ್ತೆ. ಇಷ್ಟೆಲ್ಲ ಕೆಲಸ ಮಾಡೋ ಎಣ್ಣೆ ಎಷ್ಟು ಅಂದ್ರೆ ಕೆಲವೇ ಲೋಟ. ಆಗಾಗ ಸೇರಿಸೋದಂತೂ ಚಮಚದ ಲೆಕ್ಕ. ಡಬ್ಬಿ ಬರೋದು ಲೀಟರಿನ ಹತ್ರ. ಅದಕ್ಕೇ ಮಿಕ್ಕೋದೇ ಜಾಸ್ತಿ, ಮಿಕ್ಕಿದ್ದನ್ನ ಏನು ಮಾಡೋದು ಅನ್ನೋ ಪ್ರಶ್ನೆ ಅಲ್ಲೂ ಇದೆ, ನಮ್ಮಲ್ಲೂ ಇದೆ.

ವಿಮಾನ ಅಂದ್ರೆ ಗಂಡಸರ ಸಂಗತಿ ಅಂತ ನೀವು ಪುಟ ಮಗುಚಬೇಡಿ ಅಂತ ಒಂದು ಮಾತು ಹೇಳ್ತೀನಿ. ಬೆಂಗಳೂರಿನ ಜಕ್ಕೂರಲ್ಲಿ ಸರ್ಕಾರದ ಹಾರಾಟ ಶಾಲೆ ಶುರುವಾಗಿದ್ದು 1949ರಲ್ಲಿ. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಅಂತ ಹೆಸರಾದ ಉಷಾ ಸುಂದರಂ ಕಲಿತಿದ್ದು ಅಲ್ಲೇ. 1950ರಲ್ಲಿ ಗಂಡ ಹೆಂಡತಿ ಸೇರಿ ಒಂದು ಡವ್ ವಿಮಾನಾನ ಲಂಡನ್ನಿಂದ ಬೊಂಬಾಯಿಗೆ 27 ಗಂಟೆಯೊಳಗೆ ಹಾರಿಸ್ಕೊಂಡು ಬಂದ್ರು. ನಮ್ಮೂರ ಸೋಗಾನೇಲಿ 2023ರ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ವಿಮಾನ ಬಂದಿಳಿದಾಗ ನಾವೆಲ್ಲ ಟಿವಿ ಮುಂದೆ ಬಾಯಿ ಬಿಟ್ಕೊಂಡು ಕೂತಿದ್ವಿ. ಆ ಕಾಲಕ್ಕೇ ಒಬ್ಬ ಹೆಣ್ಣುಮಗಳು ಹಾಗೆ ಹಾರಿದ್ಲು.

ಎಣ್ಣೆಗೆ ಬರ್ತೀನಿ. ಬ್ರೇಕ್ ಆಯಿಲ್ ಅಂತ ಒಂದೇ ಹೆಸರಿಟ್ಟು ಕರೀತೀವಲ್ಲ, ಅದರಲ್ಲಿ ಎರಡು ಬೇರೆ ಬೇರೆ ಜಾತಿ ಇದೆ. ಕಾರು, ಬೈಕು, ಸ್ಕೂಟರಿಗೆ ಹಾಕೋದು ಡಾಟ್ 3, ಡಾಟ್ 4 ಅಂತ ಬರೆದಿರುತ್ತೆ. ನಿಜ ಹೇಳ್ಬೇಕಂದ್ರೆ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ, ನೀರಲ್ಲಿ ಬೆರೆಯುತ್ತೆ. ಜೇನುತುಪ್ಪದ ತಿಳಿ ಬಣ್ಣ. ಸಣ್ಣ ವಿಮಾನಗಳಿಗೆ ಹಾಕೋದು ಕೆಂಪು ಬಣ್ಣದ್ದು, ಡಬ್ಬಿ ಮೇಲೆ ಎಂಐಎಲ್ ಅಂತ ಶುರುವಾಗಿ 5606 ಅನ್ನೋ ನಂಬರ್ ಇರುತ್ತೆ. ಅದು ನಿಜವಾದ ಖನಿಜ ಎಣ್ಣೆ, ನೀರಿಗೆ ಬೆರೆಯಲ್ಲ. ಗ್ಲೈಕಾಲ್‌ಗೆ ಹೊಂದೋ ರಬ್ಬರ್ ಖನಿಜ ಎಣ್ಣೇಲಿ ಊದುತ್ತೆ, ಖನಿಜ ಎಣ್ಣೆಗೆ ಹೊಂದೋ ರಬ್ಬರ್ ಗ್ಲೈಕಾಲ್‌ನಲ್ಲಿ ಕೆಡುತ್ತೆ. ಅಣ್ಣನ ಸ್ಕೂಟರಲ್ಲಿ ಆಗಿದ್ದು ಅದೇ. ಯಾರಾದ್ರೂ ತಿಳೀದೆ ವಿಮಾನಕ್ಕೆ ಕಾರಿನ ಬ್ರೇಕ್ ಆಯಿಲ್ ಹಾಕಿದ್ರೂ ಹಾಗೇ, ಅದು ಗೊತ್ತಾಗೋದು ರನ್‌ವೇ ಮೇಲೆ.

ಹಂಗಾದ್ರೆ ಕೆಂಪಿದ್ರೆ ವಿಮಾನದ್ದು, ಹಳದಿ ಇದ್ರೆ ಕಾರಿಂದು ಅಂತ ಗುರುತಿಟ್ಕೊಳ್ಳಬಹುದಲ್ಲ ಅಂದೆ. ಅದೂ ಸಾಲಲ್ಲ ಅಂದ. ಕಾರಿನ ಸ್ಟಿಯರಿಂಗ್‌ಗೆ, ಗೇರಿಗೆ ಹಾಕೋ ಎಣ್ಣೆಗಳಲ್ಲೂ ಕೆಂಪಿರುತ್ತೆ. ವಿಮಾನದ್ದರಲ್ಲೇ ಇನ್ನೊಂದು ಕೆಂಪಿದೆ, 83282 ಅನ್ನೋ ನಂಬರಿಂದು. 5606 ಬೇಗ ಬೆಂಕಿ ಹಿಡಿಯುತ್ತೆ ಅಂತ, ಅಷ್ಟು ಬೇಗ ಹೊತ್ತಿಕೊಳ್ಳಬಾರದು ಅಂತ ಆಮೇಲೆ ಮಾಡಿದ್ದು ಅದು. ದೊಡ್ಡ ಜೆಟ್ ವಿಮಾನಗಳದ್ದು ನೇರಳೆ ಬಣ್ಣ, ಅದು ಮೂರನೇ ಜಾತಿ. ಹಾಗಾಗಿ ಬಣ್ಣ ನೋಡಿ ನಂಬೋದು ಅಂದ್ರೆ ಅಂಗಡಿಯ ಕೆಂಪು ಪುಡಿ ನೋಡಿ ಬ್ಯಾಡಗಿ ಮೆಣಸಿನಕಾಯಿ ಅಂದ್ಕೊಂಡ ಹಾಗೆ. ಡಬ್ಬಿ ಮೇಲಿನ ನಂಬರ್ ಓದಬೇಕು. ನಂಬರ್ ಅಳಿಸಿಹೋಗಿದ್ರೆ ಅದು ಎಣ್ಣೆ ಅಲ್ಲ, ಕಸ.

ಇದನ್ನ ಅವನು ಹೇಳಿದ ರೀತಿ ನನಗೆ ಬಹಳ ಹಿಡಿಸ್ತು. ಅವನು ಕೆಲಸ ಮಾಡೋ ಕಡೆ ಡಬ್ಬಿ ತೆರೆದ ದಿನವೇ ಮೇಲೆ ತಾರೀಖು ಬರೀತಾರೆ. ಯಾವ ಬ್ಯಾಚಿಂದು, ಯಾವ ವಿಮಾನಕ್ಕೆ ಎಷ್ಟು ಹೋಯ್ತು ಅನ್ನೋದು ಪುಸ್ತಕದಲ್ಲಿ ಇರುತ್ತೆ. ಮಿಕ್ಕಿದ್ದು ಅದೇ ಡಬ್ಬೀಲಿ, ಅದೇ ಮುಚ್ಚಳದಲ್ಲಿ ಇರಬೇಕು, ಬೇರೆ ಪಾತ್ರೆಗೆ ಸುರಿಯೋ ಹಾಗಿಲ್ಲ. ವಿಮಾನದಿಂದ ಹೊರಗೆ ತೆಗೆದ ಹಳೇ ಎಣ್ಣೆ ಎಷ್ಟೇ ಶುಭ್ರವಾಗಿ ಕಂಡ್ರೂ ತಿರುಗಿ ಡಬ್ಬಿಗೆ ಹಾಕಲ್ಲ. ನಾವು ಉಪ್ಪಿನಕಾಯಿ ಭರಣಿಯಿಂದ ತಟ್ಟೆಗೆ ಬಡಿಸಿದ್ದನ್ನ ತಿರುಗಿ ಭರಣಿಗೆ ಹಾಕ್ತೀವಾ? ಒದ್ದೆ ಚಮಚ ಹಾಕಿದ್ರೇ ಬೈತೀವಿ. ಖನಿಜ ಎಣ್ಣೆ ಗಾಳಿಯ ತೇವ ಕುಡಿಯೋದು ಬಹಳ ಕಮ್ಮಿ, ಆದ್ರೆ ಧೂಳು ಬಿದ್ರೆ ಅದರ ಕಥೆ ಮುಗೀತು. ಬ್ರೇಕಿನ ಒಳಗಿನ ರಂಧ್ರಗಳು ಅಷ್ಟು ಸಣ್ಣ. ಒಂದು ಕಾಳು ಮರಳು ಸಾಕು.

ನಮ್ಮ ಕಾರಿನ ಜಾತಿದು ಇದಕ್ಕೆ ಪೂರಾ ಉಲ್ಟಾ, ಅದು ತೇವ ಕುಡಿಯೋದರಲ್ಲಿ ಎತ್ತಿದ ಕೈ. ಮಲೆನಾಡಿನವರು ಇದನ್ನ ಗಮನ ಇಟ್ಟು ಓದಿ. ಆಷಾಢದಲ್ಲಿ ಉಪ್ಪಿನ ಡಬ್ಬಿ ಮುಚ್ಚಳ ತೆಗೆದಿಟ್ರೆ ಸಂಜೆಗೆ ನೀರಾಗಿರುತ್ತಲ್ಲ, ಹಪ್ಪಳ ಮೆತ್ತಗಾಗುತ್ತಲ್ಲ, ಈ ಡಾಟ್ ದ್ರವವೂ ಹಾಗೇ ಗಾಳಿಯಿಂದ ನೀರು ಎಳ್ಕೊಳ್ಳುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಉಪ್ಪು ಒದ್ದೆ ಆಗಿದ್ದು ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ. ನೋಡೋಕೆ ಹಾಗೇ ಇರುತ್ತೆ, ವಾಸನೆಯೂ ಅದೇ. ಹೊಸ ಡಾಟ್ 3 ಕುದಿಯೋಕೆ ಕಮ್ಮಿ ಅಂದ್ರೂ 205 ಡಿಗ್ರಿ ಬೇಕು. ಅದರಲ್ಲಿ ನೂರಕ್ಕೆ ನಾಲ್ಕು ಭಾಗಕ್ಕೂ ಕಮ್ಮಿ ನೀರು ಸೇರಿದ್ರೆ 140ಕ್ಕೇ ಕುದಿಯಬಹುದು. ಡಾಟ್ 4 ಆದ್ರೆ 230 ಇದ್ದಿದ್ದು 155ಕ್ಕೆ ಇಳಿಯುತ್ತೆ.

ಕುದಿದ್ರೆ ಏನಾಯ್ತು ಅಂತೀರಾ? ಆಗುಂಬೆ ಘಾಟಿ ನೆನಪು ಮಾಡ್ಕೊಳ್ಳಿ. ಉಡುಪಿ ಕೃಷ್ಣನ ದರ್ಶನಕ್ಕೆ, ಮಣಿಪಾಲದ ಆಸ್ಪತ್ರೆಗೆ ನಾವು ಶಿವಮೊಗ್ಗದವರು ಇಳಿಯೋದು ಅದೇ ದಾರೀಲಿ. 14 ತಿರುವು. ಒಂದೊಂದು ತಿರುವಲ್ಲೂ ಬ್ರೇಕ್ ಒತ್ತಿ ಒತ್ತಿ ಚಕ್ರದ ಹತ್ರ ಬೆಂಕಿಯಂಥ ಶಾಖ. ಆ ಶಾಖ ಎಣ್ಣೆಗೆ ಹೋಗುತ್ತೆ, ಒಳಗಿನ ನೀರು ಹಬೆಯಾಗುತ್ತೆ, ಆಗ ಚಕ್ಕುಲಿ ಒರಳಲ್ಲಿ ಗಾಳಿ ಸೇರಿದ ಕಥೆ. ಅಂದ್ರೆ ಮೂರು ಮಳೆಗಾಲ ಅಟ್ಟದ ಮೇಲೆ ಅರ್ಧ ಬಾಟ್ಲಿ ಇಟ್ಕೊಂಡು, ‘ಇದೆಯಲ್ಲ, ಯಾಕೆ ದುಡ್ಡು ದಂಡ’ ಅಂತ ಘಾಟಿ ಇಳಿಯೋ ಕಾರಿಗೆ ಅದನ್ನ ಹಾಕೋದು, ಉಳಿತಾಯ ಅಂತ ಯಾರೂ ಹೇಳಲ್ಲ.

ಬಾಟ್ಲಿ ಒಡೆಯದೆ ಸೀಲ್ ಇದ್ದಂಗೇ ಇದ್ರೆ ಕೆಲವು ವರ್ಷ ತೊಂದರೆ ಇಲ್ಲ, ಮೇಲೆ ಬರೆದಿರೋ ತಾರೀಖು ನೋಡ್ಕೊಳ್ಳಿ. ಒಮ್ಮೆ ತೆರೆದಿದ್ದನ್ನ ಒಂದು ವರ್ಷದ ಮೇಲೆ ನಂಬಬಾರದು. ನಮ್ಮ ಮಳೆ ನೋಡಿದ್ರೆ ನಾನು ಒಂದು ಮಳೆಗಾಲ ದಾಟಿಸಲ್ಲ ಅಂತ ಇಟ್ಕೊಂಡಿದೀನಿ. ಅರ್ಧ ಬಾಟ್ಲಿ ಅಂದ್ರೆ ಮಿಕ್ಕರ್ಧ ಗಾಳಿ, ಕಾಲು ಬಾಟ್ಲಿ ಅಂದ್ರೆ ಮುಕ್ಕಾಲು ಗಾಳಿ. ಕಮ್ಮಿ ಉಳಿದಷ್ಟೂ ಬೇಗ ಕೆಡುತ್ತೆ. ಇದಕ್ಕೆ ಒಳ್ಳೇ ಉಪಾಯ ಅಂದ್ರೆ ಬೇಕಾದಷ್ಟೇ ಸಣ್ಣ ಬಾಟ್ಲಿ ತರೋದು, ಅಥವಾ ಸರ್ವಿಸ್ ಮಾಡುವಾಗ ಅವರೇ ಅವರ ಎದುರಿಗೆ ತೆರೆದು ಹಾಕ್ಲಿ ಅನ್ನೋದು. ಬ್ರೇಕ್ ಎಣ್ಣೇನ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರಾ ಬದಲಾಯಿಸಬೇಕು ಅಂತಾರೆ. ನಮ್ಮನೆಯವರ ಕಾರಿಂದು ಯಾವಾಗ ಬದಲಾಯಿಸಿದ್ದು ಅಂತ ನಾನೀಗ ಕ್ಯಾಲೆಂಡರಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲೇ ಬರೆದಿಡ್ತೀನಿ. ಅವರು ನಗ್ತಾರೆ. ನಗ್ಲಿ. ಇನ್ನೊಂದು, ಎಣ್ಣೆ ಕಮ್ಮಿ ಆಗಿದ್ರೆ ಸುಮ್ಮನೆ ಸುರಿಯೋದಲ್ಲ, ಯಾಕೆ ಕಮ್ಮಿ ಆಯ್ತು ಅಂತ ಕೇಳಬೇಕು. ಬ್ರೇಕ್ ಪ್ಯಾಡ್ ಸವೆದಿದ್ರೂ ಇಳಿಯುತ್ತೆ, ಎಲ್ಲೋ ಸೋರ್ತಿದ್ರೂ ಇಳಿಯುತ್ತೆ. ಅಣ್ಣನದ್ದು ಪ್ಯಾಡ್ ಸವೆದಿದ್ದು ಅಷ್ಟೇ ಅಂತೆ!

ಮಕ್ಕಳಿರೋ ಮನೆಯವರಿಗೆ ಹೇಳ್ಬೇಕಾಗಿದ್ದು ಈಗ ಹೇಳ್ತೀನಿ. ಎಣ್ಣೆ ಮಿಕ್ಕಿತು ಅಂದ್ರೆ ನಮ್ಮ ಕೈಗೆ ಮೊದಲು ಸಿಗೋದು ಖಾಲಿ ನೀರಿನ ಬಾಟ್ಲಿ, ಜ್ಯೂಸ್ ಬಾಟ್ಲಿ. ಡಾಟ್ ದ್ರವ ಜೇನಿನ ಬಣ್ಣ ಅಂದ್ನಲ್ಲ, ಕೆಂಪೆಣ್ಣೆ ಕೋಕಂ ಶರಬತ್ತಿನ ಹಾಗೆ. ಬಾಯಾರಿ ಬಂದ ಮಗೂಗೆ ಇನ್ನೇನು ಬೇಕು? ಈ ಗ್ಲೈಕಾಲ್ ಜಾತಿಯಲ್ಲಿ ಸಿಹಿ ರುಚಿ ಇರೋದೂ ಉಂಟು. ಕೆಲವು ಬ್ರೇಕ್ ಆಯಿಲ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಇರುತ್ತೆ. 2022ರಲ್ಲಿ ಗ್ಯಾಂಬಿಯಾ ಅನ್ನೋ ದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಕಿಡ್ನಿ ಹೋಗಿ ತೀರಿಕೊಂಡ ಸುದ್ದಿ ಓದಿರ್ತೀರ. ಆ ಸಿರಪ್‌ಗಳಲ್ಲಿ ಸಿಕ್ಕಿದ್ದು ಅದೇ ಜಾತಿಯ ವಿಷ. ಆದ್ದರಿಂದ ತಿನ್ನೋ ಕುಡಿಯೋ ವಸ್ತು ಬಂದ ಬಾಟ್ಲಿಗೆ ಎಣ್ಣೆ ಅನ್ನೋದು ಹೋಗಲೇಬಾರದು. ನಾಯಿ ಬೆಕ್ಕು ನೆಕ್ಕೋ ಹಾಗೆ ನೆಲದಲ್ಲಿ ಚೆಲ್ಲಿದ್ದನ್ನ ಬಿಡಬಾರದು. ಅಕಸ್ಮಾತ್ ಯಾರಾದ್ರೂ ಕುಡಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಹಳೇ ಪದ್ಧತಿ ಬೇಡ. ಖನಿಜ ಎಣ್ಣೆ ಆದ್ರಂತೂ ವಾಂತಿ ಮಾಡುವಾಗ ಶ್ವಾಸಕೋಶಕ್ಕೆ ಇಳಿದು ಇನ್ನೂ ಕೆಡುತ್ತೆ. ಆ ಬಾಟ್ಲಿಯನ್ನೇ ಕೈಯಲ್ಲಿ ಹಿಡ್ಕೊಂಡು ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಯಾವ ಆಸ್ಪತ್ರೆಗೋ ಓಡಬೇಕು. ಮಗು ಚೆನ್ನಾಗೇ ಆಡ್ತಿದೆ ಅಂತ ಕಾಯಬಾರದು, ಇದರ ಕಾಟ ತಡವಾಗಿ ಶುರುವಾಗುತ್ತೆ.

ಎಲ್ಲಿಡಬಾರದು ಅನ್ನೋದರಲ್ಲಿ ನನಗೆ ಗೊತ್ತೇ ಇಲ್ಲದ ಒಂದು ವಿಷಯ ಅವತ್ತು ಗೊತ್ತಾಯ್ತು. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಜಾರುತ್ತೆ ಅಂತ ನಾವು ಬ್ಲೀಚಿಂಗ್ ಪೌಡರ್ ಉದುರಿಸ್ತೀವಿ, ಬಾವಿಗೂ ಹಾಕ್ತೀವಿ. ಪ್ರತಿ ಮನೇಲೂ ಒಂದು ಪೊಟ್ಟಣ ಇದ್ದೇ ಇರುತ್ತೆ, ಅದನ್ನ ಇಡೋದೂ ಈ ಎಣ್ಣೆ ಬಾಟ್ಲಿಗಳ ಸಾಲಲ್ಲೇ. ತವರುಮನೆ ಅಟ್ಟದಲ್ಲೂ ಅಕ್ಕಪಕ್ಕ ಇತ್ತಂತೆ. ಹುಡುಗ ಅದನ್ನ ನೋಡಿದವನೇ ಏಣಿ ಹತ್ತಿ ಪೌಡರನ್ನ ಬಚ್ಚಲುಮನೆ ಕಡೆಗೆ ಸಾಗಿಸಿದ. ಕಾರಿನ ಬ್ರೇಕ್ ಆಯಿಲ್ಲೂ ಬ್ಲೀಚಿಂಗ್ ಪೌಡರೂ ಸೇರಿದ್ರೆ ತಾನಾಗೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರೋದೇ ಬೇಡ. ಬಾಟ್ಲಿ ಮುಚ್ಚಳ ಸಡಿಲ ಇದ್ದು ಉರುಳಿದ್ರೆ, ಇಲಿ ಪೊಟ್ಟಣ ಕಡಿದ್ರೆ, ಯಾರೂ ಇಲ್ಲದ ಮನೇಲಿ ಏನಾಗಬಹುದು ಯೋಚನೆ ಮಾಡಿ. ನಿಮ್ಮನೇಲಿ ಇವೆರಡೂ ಎಲ್ಲೆಲ್ಲಿವೆ ಅಂತ ಓದೋದು ನಿಲ್ಲಿಸಿ ಒಂದ್ಸಲ ನೋಡಿಕೊಂಡು ಬನ್ನಿ. ನಾನು ಕಾಯ್ತೀನಿ.

ಕೆಂಪೆಣ್ಣೆ ಪೌಡರಿನಿಂದಷ್ಟೇ ಅಲ್ಲ, ಗ್ಯಾಸ್ ಸಿಲಿಂಡರ್, ನೀರೊಲೆ, ದೇವರ ದೀಪದಿಂದಲೂ ದೂರ ಇರಬೇಕು. ಡಾಟ್ ದ್ರವ ಬೆಂಕಿಯಷ್ಟೇ ಅಲ್ಲ, ಬಣ್ಣಕ್ಕೂ ಶತ್ರು. ಕಾರಿನ ಮೇಲೆ, ಬೀರುವಿನ ಮೇಲೆ ಒಂದು ಹನಿ ಬಿದ್ರೂ ಪೇಂಟ್ ಎದ್ದುಬರುತ್ತೆ. ಒರೆಸ್ತಾ ಕೂರಬಾರದು, ಬಿದ್ದ ತಕ್ಷಣ ಚೆನ್ನಾಗಿ ನೀರು ಹುಯ್ದು ತೊಳೀಬೇಕು. ಕೈಗೆ ಹತ್ತಿದ್ರೂ ಸೋಪು ಹಾಕಿ ತೊಳ್ಕೊಳ್ಳಿ, ಕಣ್ಣಿಗಂತೂ ಹೋಗಬಾರದು.

ಹಳೇದನ್ನ ಏನು ಮಾಡೋದು? ಚರಂಡಿಗೆ ಸುರಿಯೋದು ಸುಲಭ. ಆದ್ರೆ ಶಿವಮೊಗ್ಗದ ಚರಂಡಿ ತುಂಗೆ ಕಡೆಗೆ, ಭದ್ರಾವತಿ ಚರಂಡಿ ಭದ್ರೆ ಕಡೆಗೆ, ಎರಡೂ ಹೋಗಿ ಕೂಡ್ಲಿಯಲ್ಲಿ ಸೇರೋದು. ಅಲ್ಲಿ ನಾವೇ ಹೋಗಿ ಸಂಗಮದಲ್ಲಿ ಮುಳುಗಿ ಏಳ್ತೀವಿ. ತೆಂಗಿನ ಬುಡಕ್ಕೆ, ಅಡಿಕೆ ಬುಡಕ್ಕೆ ಹುಯ್ಯೋದೂ ಅಷ್ಟೇ ಕೆಟ್ಟದ್ದು. ಗ್ಯಾರೇಜ್‌ಗಳಲ್ಲಿ ಹಳೇ ಎಣ್ಣೆ ಕೂಡಿಡೋ ಡ್ರಮ್ ಇರುತ್ತೆ. ಮುಚ್ಚಳ ಬಿಗಿ ಮಾಡಿ, ಮೇಲೆ ಇಂಥದ್ದು ಅಂತ ಬರೆದು ಅವರಿಗೆ ಕೊಡಬೇಕು. ಬ್ರೇಕ್ ದ್ರವಾನ ಎಂಜಿನ್ ಆಯಿಲ್ ಜೊತೆ ಬೆರೆಸಿ ಕೊಡಬಾರದು, ಬೆರೆಸಿದ್ರೆ ಆ ಎಂಜಿನ್ ಆಯಿಲ್ಲೂ ಮರುಬಳಕೆಗೆ ಬರಲ್ಲ. ಎಲ್ಲ ಗ್ಯಾರೇಜಿನವರೂ ತಗೊಳ್ತಾರೆ ಅಂತಲ್ಲ. ನಮ್ಮನೆಯವರನ್ನ ಒಂದು ಕಡೆ ಕಳಿಸಿದಾಗ ‘ಇಷ್ಟಕ್ಕೆ ಇಲ್ಲಿ ತನಕ ಬಂದ್ರಾ, ಮೋರಿಗೆ ಹಾಕಿ ಸಾರ್’ ಅಂದ್ರಂತೆ. ಎರಡನೇ ಕಡೆ ತಗೊಂಡ್ರು.

ಪಕ್ಕದ ಮನೆಯವರು ಇದನ್ನೆಲ್ಲ ಕೇಳಿ, ‘ಅಲ್ಲ ಮಾರಾಯ್ತಿ, ಹಂಗಾದ್ರೆ ಹೊಲಿಗೆ ಮಿಷನ್ ಎಣ್ಣೇನೂ ಚೆಲ್ಲಬೇಕಾ’ ಅಂತ ಕೇಳಿದ್ರು. ಬೇಡ ಕಣ್ರೀ. ಅದು ತೇವ ಕುಡಿಯೋ ಜಾತಿ ಅಲ್ಲ, ಅದರ ಮೇಲೆ ಯಾರ ಪ್ರಾಣವೂ ನಿಂತಿಲ್ಲ. ಎಲ್ಲಾ ಬಾಟ್ಲಿಗೂ ಹೆದರಿ ಅಟ್ಟ ಖಾಲಿ ಮಾಡಿ ಅಂತ ನಾನು ಹೇಳ್ತಿಲ್ಲ. ಬ್ರೇಕಿಗೆ ಹಾಕೋದನ್ನ ಮಾತ್ರ ಮಿಕ್ಕ ಎಣ್ಣೆಗಳ ಸಾಲಿಗೆ ಸೇರಿಸಬೇಡಿ ಅಂತಿದೀನಿ.

ಅಣ್ಣನ ಮನೆಯ ಕೆಂಪು ಡಬ್ಬಿ ಈಗಿಲ್ಲ. ಗೇಟಿನ ತಿರುಗಣೆಗೆ ಬಿಡೋಕೆ ಅಂತ ತಂದಿದ್ದು, ಗೇಟಿಗೆ ಒಂದು ಹನಿಯೂ ಬೀಳ್ಲಿಲ್ಲ. ಹುಡುಗನೇ ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಹಳೇ ಖನಿಜ ಎಣ್ಣೆ, ಗಾಡಿಗೆ ಹಾಕಬಾರದು’ ಅಂತ ಕನ್ನಡದಲ್ಲೇ ಬರೆದು ಗ್ಯಾರೇಜಿಗೆ ಕೊಟ್ಟು ಬಂದ. ಅಪ್ಪನ ಕಾಲದ ಮಿಕ್ಕ ಡಬ್ಬಿಗಳೂ ಅದರ ಜೊತೆಗೇ ಹೋದ್ವು. ಅತ್ತಿಗೆಗೆ ಮಾತ್ರ ಬೇಜಾರು. ವಿಮಾನದ ಡಬ್ಬಿ ತಗಡು ಎಷ್ಟು ಗಟ್ಟಿ ಇತ್ತು, ಸೀಗೆಪುಡಿ ಹಾಕಿ ತೊಳೆದಿದ್ರೆ ಒಂದು ಕೇಜಿ ಹುಣಸೆಹಣ್ಣು ತುಂಬಿಡಬಹುದಿತ್ತು ಅಂತ ಮೊನ್ನೆ ಫೋನಲ್ಲೂ ಅಂದ್ಲು.